ಕಾರಂತರ ವಿಜ್ಞಾನ, ದೇವರು, ಕಾದಂಬರಿ: ಯಾವುದರಿಂದ ಓದಲು ಶುರು ಮಾಡಲಿ?

ನಿಮ್ಮ ಪ್ರಶ್ನೆ ಎರಡು ಅಲ್ವಾ? ದೇವರನ್ನು ಅಷ್ಟೊಂದು ಪ್ರಶ್ನಿಸಿದ, ವಿಜ್ಞಾನದ ಸಂಪುಟಗಳನ್ನೇ ಬರೆದ ಶಿವರಾಮ ಕಾರಂತರು, ವಸ್ತು ಮುಟ್ಟಿದರೆ ಹಿಂದಿನದೆಲ್ಲ ಕಾಣುವ ಅಜ್ಜಿಯ ಕಥೆ ಯಾಕೆ ಬರೆದರು? ಹೊಸಬರು ಅವರನ್ನು ಎಲ್ಲಿಂದ ಓದಬೇಕು?

ಆ ಅಜ್ಜಿಯಿಂದಲೇ ಶುರು ಮಾಡಿ. ‘ಮೂಕಜ್ಜಿಯ ಕನಸುಗಳು’ ಬಂದದ್ದು 1968ರಲ್ಲಿ. 1977ರ ಜ್ಞಾನಪೀಠ ಪ್ರಶಸ್ತಿಯ ಜತೆ ಈ ಕಾದಂಬರಿಯ ಹೆಸರು ಸೇರಿಕೊಂಡಿದೆ. ಆದರೆ ಪ್ರಶಸ್ತಿಗಾಗಿ ಓದಬೇಡಿ, ಅಜ್ಜಿಗಾಗಿ ಓದಿ.

ಮೂಕಜ್ಜಿ ಬಾಲವಿಧವೆ. ವಯಸ್ಸು ಎಂಬತ್ತರ ಹತ್ತಿರ. ಊರವರಿಗೆ ಅವಳ ಮಾತೆಲ್ಲ ಅರಳುಮರಳು. ಮೊಮ್ಮಗ ಸುಬ್ಬರಾಯ ಮಾತ್ರ ಕೂತು ಕೇಳುತ್ತಾನೆ, ಕೈಗೆ ಸಿಕ್ಕ ಹಳೆಯ ವಸ್ತುಗಳನ್ನು ತಂದು ಅವಳ ಅಂಗೈಯಲ್ಲಿ ಇಡುತ್ತಾನೆ. ಮುಟ್ಟಿದ ಕೂಡಲೇ ಅವಳಿಗೆ ಆ ಕಾಲ ಕಾಣುತ್ತದೆ. ಗುಹೆಯಲ್ಲಿದ್ದ ಮನುಷ್ಯ, ಅವನ ಹೆದರಿಕೆ, ಆ ಹೆದರಿಕೆಯಿಂದ ಹುಟ್ಟಿದ ದೇವರು. ಕಾಲ ಬದಲಾದ ಹಾಗೆ ದೇವರ ರೂಪವೂ ಬದಲಾಗುತ್ತಾ ಬಂದದ್ದನ್ನು ಅವಳು ಕಣ್ಣಾರೆ ಕಂಡವಳ ಹಾಗೆ ಹೇಳುತ್ತಾಳೆ.

ಕಾರಂತರಿಗೆ ಈ ಕಲ್ಪನೆ ಬೇಕಾದದ್ದು ಇಲ್ಲೇ ಅಂತ ನನ್ನ ಅನಿಸಿಕೆ. ವಿಜ್ಞಾನ ಬರೆಯುವವನು ಒಂದು ಮೂಳೆಯ ತುಂಡು ಸಿಕ್ಕರೆ ಅದರ ವಯಸ್ಸು ಹೇಳಬಹುದು. ಅದು ಯಾರದೋ ಅವರು ಯಾಕೆ ಹೆದರಿದರು, ಯಾರ ಮುಂದೆ ಕೈಮುಗಿದರು ಅಂತ ಹೇಳುವ ಹಕ್ಕು ಅವನಿಗಿಲ್ಲ, ಪುರಾವೆ ಸಾಲದು. ಕಾದಂಬರಿಕಾರನಿಗೆ ಆ ಹಕ್ಕಿದೆ. ಅಜ್ಜಿಯ ಶಕ್ತಿಯನ್ನು ಪುಸ್ತಕ ಪವಾಡ ಮಾಡಿ ಪೂಜೆಗೆ ಕೂರಿಸುವುದಿಲ್ಲ. ಅದು ಸಾವಿರಾರು ವರ್ಷ ಹಿಂದಕ್ಕೆ ಹೋಗಲು ಕಟ್ಟಿಕೊಂಡ ದಾರಿ, ಅಷ್ಟೇ. ಅವಳು ಸಂಸಾರ ಬಿಟ್ಟು ಓಡುವ ವೈರಾಗ್ಯವನ್ನು ಒಪ್ಪುವುದಿಲ್ಲ. ಗಂಡು ಹೆಣ್ಣಿನ ಸಂಬಂಧದ ಬಗ್ಗೆ ನಾಚಿಕೆ ಇಲ್ಲದೆ ಮಾತಾಡುತ್ತಾಳೆ. ಸಂಸಾರದ ಸುಖವೇ ಸಿಗದ ಹೆಂಗಸು ಹೀಗೆ ಹೇಳುವುದು ನನ್ನನ್ನು ಇವತ್ತಿಗೂ ಅಲುಗಾಡಿಸುತ್ತದೆ.

ಅದು ಮುಗಿದ ಮೇಲೆ, ಹಳೆಯ ಲೈಬ್ರರಿಯಲ್ಲಿ ಸಿಕ್ಕರೆ, ‘ವಿಜ್ಞಾನ ಪ್ರಪಂಚ’ದ ಒಂದು ಸಂಪುಟ ತೆಗೆಯಿರಿ. ಒಟ್ಟು ನಾಲ್ಕಿವೆ, 1959ರಿಂದ 1964ರ ನಡುವೆ ಬಂದವು. ಮಾಹಿತಿ ಹಳೆಯದು. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟಿರಲಿಲ್ಲ. ಭೂಮಿಯ ಮೇಲ್ಪದರದ ಫಲಕಗಳು ಸರಿಯುತ್ತವೆ ಅನ್ನುವ ಸಿದ್ಧಾಂತವೂ ಇನ್ನೂ ಗಟ್ಟಿಯಾಗಿರಲಿಲ್ಲ. ಹಾಗಾಗಿ ಪರೀಕ್ಷೆಗೆ ಅದನ್ನು ನೆಚ್ಚಿಕೊಳ್ಳಬೇಡಿ. ಓದಬೇಕಾದದ್ದು ಹೇಳುವ ರೀತಿಗಾಗಿ. ವಿಜ್ಞಾನವನ್ನು ಕನ್ನಡದಲ್ಲಿ ಹೇಳಬಹುದು ಅನ್ನುವ ಧೈರ್ಯ ಪ್ರತಿ ಪುಟದಲ್ಲೂ ಇದೆ. 1936ರಲ್ಲೇ ಮಕ್ಕಳಿಗಾಗಿ ‘ಬಾಲಪ್ರಪಂಚ’ದ ಮೂರು ಸಂಪುಟ ತಂದವರು ಅವರು. ಅಮೆರಿಕದ ವಿಜ್ಞಾನ ಲೇಖಕಿ ರೇಚಲ್ ಕಾರ್ಸನ್ ಅವರ ಕಡಲಿನ ಪುಸ್ತಕವನ್ನೂ ಕನ್ನಡಕ್ಕೆ ತಂದರು. ಕೈಗಾ ಅಣುಸ್ಥಾವರದ ವಿರುದ್ಧ ಇಳಿವಯಸ್ಸಿನಲ್ಲಿ ಬೀದಿಗಿಳಿದದ್ದೂ ಇದೇ ಮನುಷ್ಯ. ಓದಿದ್ದು, ಬರೆದದ್ದು, ಬದುಕಿದ್ದು ಬೇರೆ ಬೇರೆ ಆಗಿರಲಿಲ್ಲ.

ನಂಬಿಕೆಯ ವಿಷಯವೇ ನಿಮ್ಮನ್ನು ಜಾಸ್ತಿ ಕಾಡುತ್ತಿದ್ದರೆ ಮೂರನೆಯದಾಗಿ ‘ಅಳಿದ ಮೇಲೆ’ ಓದಿ, 1960ರದು. ರೈಲಿನಲ್ಲಿ ಪರಿಚಯವಾದ ಯಶವಂತರಾಯ ಸತ್ತ ಮೇಲೆ, ಕಥೆ ಹೇಳುವವನು ಅವನ ಬದುಕನ್ನು ಹುಡುಕುತ್ತಾ ಊರೂರು ಹೋಗುತ್ತಾನೆ. ಸತ್ತ ಮೇಲೆ ಏನು ಉಳಿಯುತ್ತದೆ ಅನ್ನುವ ಪ್ರಶ್ನೆಗೆ ಇಲ್ಲಿ ಸ್ವರ್ಗ ನರಕದ ಉತ್ತರ ಇಲ್ಲ. ಅವನಿಂದ ಉಪಕಾರ ಪಡೆದವರು, ನೋವು ತಿಂದವರು, ಒಬ್ಬೊಬ್ಬರೂ ಒಂದೊಂದು ಹೇಳುತ್ತಾರೆ. ಆ ಮಾತುಗಳನ್ನು ಪಕ್ಕಪಕ್ಕ ಇಟ್ಟು ನೋಡುವ ಕೆಲಸ ನಿಮಗೇ ಬಿಟ್ಟದ್ದು. ನಿಧಾನವಾಗಿ ಓದಿ, ಮಧ್ಯೆ ಬೇಸರ ಬಂದರೂ ಬಿಡಬೇಡಿ. ಮುಗಿಸಿದ ಮೇಲೆ ಯಶವಂತರಾಯ ಒಳ್ಳೆಯವನೋ ಅಲ್ಲವೋ ನಿಮಗೆ ಏನನ್ನಿಸಿತು ಅಂತ ಇಲ್ಲೇ ಬರೆಯಿರಿ. ನನಗೆ ತಿಳಿಯುವ ಆಸೆ ಇದೆ.