ಕೂತಲ್ಲಿಂದ ಏಳದ ಹುಡುಗ

ಪ್ರಶ್ನೆ: ಮಗ ಸರ್ಕಾರಿ ಶಾಲೆಯಲ್ಲಿ ಮೂರನೇ ಕ್ಲಾಸು. ಮಳೆಗಾಲ ಶುರುವಾದಾಗಿನಿಂದ ಬೆಳಗಾದರೆ ಹೊಟ್ಟೆನೋವು ಅನ್ನುತ್ತಾನೆ. ಭಾನುವಾರ ಇರುವುದಿಲ್ಲ. ಡಾಕ್ಟರು ಏನೂ ಇಲ್ಲ ಅಂದರು. ಮೇಷ್ಟ್ರು "ಬಹಳ ಒಳ್ಳೆ ಹುಡುಗ, ಕೂತಲ್ಲಿಂದ ಏಳಲ್ಲ" ಅನ್ನುತ್ತಾರೆ. ಅವರಪ್ಪ ನಾಟಕ ಅನ್ನುತ್ತಾರೆ. ಪೋಷಕರ ಸಭೆಯಲ್ಲಿ ಮಕ್ಕಳ ಯೋಗಕ್ಷೇಮ ಅಂತ ಅರ್ಧ ಗಂಟೆ ಮಾತಾಡಿದರು. ಊಟ, ಹಾಲು, ಮೊಟ್ಟೆ, ಮಾರ್ಕ್ಸ್ ಎಲ್ಲ ಸರಿ ಇದೆ. ಇನ್ನೇನು ಬೇಕು?
– ಒಬ್ಬ ತಾಯಿ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ತಂಗಿ, ಎಂಟು ವರ್ಷದ ಹುಡುಗ ಕೂತಲ್ಲಿಂದ ಏಳುವುದಿಲ್ಲ ಅಂದರೆ ನನಗೆ ಅದು ಹೊಗಳಿಕೆ ಥರ ಕೇಳುವುದಿಲ್ಲ. ಅವನು ನೀರು ಕುಡಿಯುತ್ತಾನಾ ಅಂತ ಮೊದಲು ನೋಡಬೇಕು. ಹಿಂದೊಮ್ಮೆ ನಾನೇ ನೋಡಿರಲಿಲ್ಲ.

ಆಗ ಹೊಸನಗರದ ಕಡೆ ಪಾಠ ಮಾಡುತ್ತಿದ್ದೆ. 2013ರಲ್ಲಿ ಕ್ಷೀರಭಾಗ್ಯ ಬಂತು. ಹಾಲಿನ ಪುಡಿ ಕದಡಿ, ಕಾಯಿಸಿ, ಮಗುವಿಗೆ 150 ಮಿಲಿಲೀಟರಿನಂತೆ ಲೋಟಕ್ಕೆ ಹುಯ್ಯುತ್ತಿದ್ದೆವು. ಒಬ್ಬಳು ಮಾತ್ರ ಮುಖ ಕಿವುಚಿ ಲೋಟವನ್ನು ಪಕ್ಕದವಳಿಗೆ ದಾಟಿಸುತ್ತಿದ್ದಳು. ನಾನು "ಹಾಲು ಸೇರದು" ಅಂತ ಬರೆದುಕೊಂಡೆ, ಮುಗೀತು. ಓದಿನಲ್ಲಿ ಜಾಣೆ, ತಂಟೆಯಿಲ್ಲ. ಸಭೆಯಲ್ಲಿ ಅವಳನ್ನೇ ಹೊಗಳುತ್ತಿದ್ದೆ.

ದಸರಾ ರಜೆ ಹತ್ತಿರ ಬಂದಾಗ ಅವಳಜ್ಜಿ ಸಿಕ್ಕಿ ಅಂದರು, "ಸೇರಲ್ವಾ? ಮನೇಲಿ ಎರಡು ಲೋಟ ಕುಡೀತಾಳೆ ಮೇಡಂ." ವಿಷಯ ಏನೆಂದರೆ ಶೌಚಾಲಯದ ಚಿಲಕ ಕಿತ್ತುಹೋಗಿತ್ತು. ಮಳೆಗೆ ಬಾಗಿಲು ಉಬ್ಬಿ ಮುಚ್ಚುತ್ತಲೂ ಇರಲಿಲ್ಲ. ಹಾಲು ಕುಡಿದರೆ ಹೋಗಬೇಕಾಗುತ್ತದಲ್ಲ! ಸಂಜೆವರೆಗೆ ಒಂದು ಗುಟುಕೂ ಕುಡಿಯದೆ ಕೂರುತ್ತಿದ್ದಳು.

ದೊಡ್ಡವರು ಕೊಟ್ಟಿದ್ದನ್ನು ಲೆಕ್ಕ ಹಾಕುತ್ತೇವೆ. ಎಷ್ಟು ಲೋಟ, ಎಷ್ಟು ಮೊಟ್ಟೆ. (ರಿಜಿಸ್ಟರಿನಲ್ಲಿ ಚಿಲಕಕ್ಕೆ ಕಾಲಂ ಎಲ್ಲಿದೆ?) ಮಗುವಿನ ಲೆಕ್ಕವೇ ಬೇರೆ. ಪಕ್ಕ ಯಾರು ಕೂತರು, ಆಟಕ್ಕೆ ಕರೆದರಾ, ಒದ್ದೆ ಚಡ್ಡಿ ಒಣಗಿತಾ.

ನಿಮ್ಮ ಹುಡುಗನದೂ ಇದೇ ಅಂತ ಹೇಳಲಾರೆ. "ಇವತ್ತೇನು ಕಲಿತೆ" ಅಂತ ಕೇಳಬೇಡಿ. ಸಂಜೆ ಒಲೆ ಮುಂದೆ ಕಾಲು ಕಾಸುವಾಗ ಒಂದು ಹಲಸಿನ ಹಪ್ಪಳ ಸುಟ್ಟುಕೊಟ್ಟು, ಊಟಕ್ಕೆ ಯಾರ ಪಕ್ಕ ಕೂತೆ, ಉಚ್ಚೆಗೆ ಯಾವಾಗ ಹೋದೆ ಅಂತ ಸುಮ್ನೆ ಮಾತಿಗೆಳೆಯಿರಿ. ಮಳೆಗಾಲದಲ್ಲೇ ಶುರುವಾಗಿದ್ದು ಅಂದಿರಿ. ಒಂದು ದಿನ ಜೊತೆಗೇ ನಡೆದು ಹೋಗಿ. ದಾರಿಯಲ್ಲಿ ಕಾಲುಸಂಕ (ಹಳ್ಳ ದಾಟುವ ಕಿರುಸೇತುವೆ) ಇದ್ದರೆ, ಹಳ್ಳ ತುಂಬಿದಾಗ ದೊಡ್ಡ ಹುಡುಗರು ಅದನ್ನು ಅಲ್ಲಾಡಿಸಿ ಹೆದರಿಸುವುದೂ ಉಂಟು.

ಕ್ಲಾಸಿನಲ್ಲಿ ಹೊಡೆತ, ಹೀಯಾಳಿಕೆ ಏನಾದರೂ ಇದ್ದರೆ ಶಿಕ್ಷಣ ಹಕ್ಕು ಕಾಯ್ದೆ, 2009ರ 17ನೇ ಸೆಕ್ಷನ್ ಎರಡನ್ನೂ ನಿಷೇಧಿಸಿದೆ. ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಸದಸ್ಯರಲ್ಲಿ ಅರ್ಧ ಹೆಂಗಸರು ಇರಬೇಕು ಅಂತಲೂ ಅದೇ ಕಾಯ್ದೆಯಲ್ಲಿದೆ. ಆ ಸಮಿತಿಯ, ಅಂದರೆ ಎಸ್‌ಡಿಎಂಸಿಯ, ಸಭೆಗೆ ಹೋಗಿ ಕೇಳಿ, ಸಂಕೋಚ ಬೇಡ.

ಅವರಪ್ಪನಿಗೆ ಹೇಳಿ, ಹೆದರಿಕೆಗೆ ಮಕ್ಕಳ ಹೊಟ್ಟೆ ನಿಜವಾಗಿಯೂ ನೋಯುತ್ತದೆ. ಕಾರಣ ಸಿಕ್ಕಿದ ಮಾರನೇ ದಿನವೇ ನೋವು ಹೋಗಲಿ ಅಂತಲೂ ಕಾಯಬೇಡಿ. ನಮ್ಮ ಹುಡುಗಿ ಚಿಲಕ ಹಾಕಿಸಿದ ಮೇಲೂ ಹದಿನೈದು ದಿನ ಲೋಟ ಮುಟ್ಟಲಿಲ್ಲ.