ಸಣ್ಣ ಕಾಲೇಜಿನ ಸಾಕರ್ ಕೋಚ್ ನಮ್ಮ ಹುಡುಗಿಗೆ ಯಾಕೆ ಇಷ್ಟೊಂದು ಫೋನ್ ಮಾಡ್ತಾರೆ?

ಪ್ರಶ್ನೆ: ಮೇಡಂ, ನನ್ನ ಮಗ ಸೊಸೆ ನ್ಯೂಜೆರ್ಸಿಯಲ್ಲಿದ್ದಾರೆ. ಮೊಮ್ಮಗಳು ಹನ್ನೊಂದನೇ ಕ್ಲಾಸು, ಸಾಕರ್ ಅಂದ್ರೆ ನಮ್ಮ ಫುಟ್‌ಬಾಲ್ ಆಡ್ತಾಳೆ, ಡಿಫೆಂಡರ್ ಅಂತೆ. ಪೆನ್ಸಿಲ್ವೇನಿಯಾದ ಒಂದು ಸಣ್ಣ ಕಾಲೇಜಿನ ಕೋಚ್ ಮೂರು ತಿಂಗಳಿಂದ ಅವಳಿಗೆ ಮೇಲ್ ಮಾಡ್ತಾರೆ, ಫೋನ್ ಮಾಡ್ತಾರೆ, ಬಂದು ಕಾಲೇಜು ನೋಡ್ಕೊಂಡು ಹೋಗು ಅಂತಾರೆ. ಆ ಕಾಲೇಜಿನ ಹೆಸರನ್ನೇ ನಾವು ಕೇಳಿಲ್ಲ. ಆಟಕ್ಕೆ ಸ್ಕಾಲರ್‌ಶಿಪ್ಪೂ ಇಲ್ವಂತೆ. ಮತ್ತೆ ಇಷ್ಟೊಂದು ಯಾಕೆ ಕರೀತಾರೆ? ಏನಾದ್ರೂ ಮೋಸ ಇರಬಹುದಾ?
ಒಬ್ಬ ಅಜ್ಜಿ, ಮೈಸೂರು

ಉತ್ತರ: ಅಮ್ಮಾ, ಹೆದರ್ಕೋಬೇಡಿ. ನನ್ನ ಮಗಳೂ ಇಂಥದ್ದೇ ಒಂದು ಸಣ್ಣ ಕಾಲೇಜಲ್ಲಿ ನಾಲ್ಕು ವರ್ಷ ಗೋಲ್‌ಕೀಪರ್ ಆಗಿದ್ಲು, ಮೊದಲ ಸಲ ಕೋಚ್ ಫೋನ್ ಬಂದಾಗ ನಾನೂ ನಿಮ್ಮ ಹಾಗೇ ಅನುಮಾನ ಪಟ್ಟಿದ್ದೆ, ಅದಕ್ಕೇ ಸ್ವಲ್ಪ ಉದ್ದವಾಗೇ ಹೇಳ್ತೀನಿ.

ಅಮೆರಿಕದಲ್ಲಿ ಕಾಲೇಜು ಕ್ರೀಡೆಗಳನ್ನ ನೋಡ್ಕೊಳ್ಳೋ ದೊಡ್ಡ ಸಂಸ್ಥೆ ಎನ್‌ಸಿಎಎ, ಅದರಲ್ಲಿ ಮೂರು ಡಿವಿಷನ್. ಟೀವೀಲಿ ಬರೋದು ಮೊದಲನೇದು. ನಿಮ್ಮ ಮೊಮ್ಮಗಳನ್ನ ಕರೀತಿರೋದು ಬಹುಶಃ ಮೂರನೇ ಡಿವಿಷನ್ ಕಾಲೇಜು, ಇಡೀ ದೇಶದಲ್ಲಿ ಅಂಥವು ಸುಮಾರು 440 ಇವೆ, ಎಷ್ಟೋ ಕಡೆ ಕಾಲೇಜಿಡೀ ಸೇರಿದ್ರೂ ಎರಡು ಸಾವಿರ ಮಕ್ಕಳು. ಇಲ್ಲಿ ಆಟಕ್ಕೆ ಅಂತ ಸ್ಕಾಲರ್‌ಶಿಪ್ ಕೊಡೋ ಹಾಗೇ ಇಲ್ಲ, ಅದು ನಿಯಮ. ಮನೆ ಆದಾಯ ನೋಡಿ ಕೊಡೋ ಸಹಾಯ, ಮಾರ್ಕ್ಸ್ ನೋಡಿ ಕೊಡೋ ರಿಯಾಯಿತಿ ಇರತ್ತೆ, ಅದನ್ನ ತೀರ್ಮಾನ ಮಾಡೋದು ಕಾಲೇಜಿನ ಆಫೀಸು, ಕೋಚ್ ಅಲ್ಲ. ಹಾಗಾಗಿ ಯಾವ ಕೋಚಾದ್ರೂ ‘ಇಷ್ಟು ಡಾಲರ್ ನಾನು ಕೊಡಿಸ್ತೀನಿ’ ಅಂದ್ರೆ ಅದೊಂದನ್ನ ಮಾತ್ರ ನಂಬಬೇಡಿ. ಕೆಲವು ಖಾಸಗಿ ಕಾಲೇಜುಗಳಲ್ಲಿ ಹಾಸ್ಟೆಲ್ಲು ಊಟ ಎಲ್ಲಾ ಸೇರಿ ವರ್ಷದ ಖರ್ಚು 80,000 ಡಾಲರ್ ದಾಟಿದೆ, ದುಡ್ಡಿನ ಲೆಕ್ಕ ಕಾಲೇಜಿನಿಂದ ಕಾಗದದಲ್ಲಿ ಬರೋವರೆಗೂ ಮಗ ಸೊಸೆ ಯಾವುದಕ್ಕೂ ಹೂಂ ಅನ್ನೋದು ಬೇಡ.

ಇನ್ನು ಯಾಕೆ ಇಷ್ಟು ಕರೀತಾರೆ ಅಂದ್ರೆ, ಹುಡುಗೀರನ್ನ ಹುಡುಕಿ ಕಾಲೇಜಿಗೆ ಕರ್ಕೊಂಡು ಬರೋದೇ ಆ ಕೋಚ್ ಕೆಲಸದ ಅರ್ಧ ಭಾಗ. ಪ್ರತಿ ವರ್ಷ ಏಳೆಂಟು ಜನ ಓದು ಮುಗಿಸಿ ಹೋಗ್ತಾರೆ, ಅಷ್ಟೇ ಜನ ಹೊಸಬರು ಬರಬೇಕು, ಕೈಯಲ್ಲಿ ಕೊಡೋಕೆ ಸ್ಕಾಲರ್‌ಶಿಪ್ ಇಲ್ಲ, ಮಾತಾಡಿ ಒಪ್ಪಿಸೋದೊಂದೇ ದಾರಿ. ಸಣ್ಣ ಕಾಲೇಜುಗಳಿಗೆ ಅಡ್ಮಿಷನ್ ತುಂಬೋದೇ ಕಷ್ಟ ಆಗಿರೋ ಕಾಲ ಇದು, ಕೆಲವು ಕಡೆ ಮೂರರಲ್ಲಿ ಒಬ್ಬ ವಿದ್ಯಾರ್ಥಿ ಯಾವುದಾದ್ರೂ ಟೀಮಲ್ಲಿ ಇರ್ತಾರೆ, ಅಂದ್ರೆ ಕೋಚ್‌ಗಳು ಅರ್ಧ ಅಡ್ಮಿಷನ್ ಆಫೀಸಿನ ಕೆಲಸ ಮಾಡ್ತಿದಾರೆ ಅಂತಾನೇ ಅರ್ಥ. ಇದು ಮೋಸ ಅಲ್ಲ, ಆದ್ರೆ ಫೋನಲ್ಲಿ ಅಷ್ಟು ಪ್ರೀತಿಯಿಂದ ಮಾತಾಡಿದ್ರು ಅಂತ ನಮ್ಮ ಹುಡುಗಿ ಮರುಳಾಗಬಾರದು, ಅದೇ ಮಾತನ್ನ ಅದೇ ವಾರ ಇನ್ನೂ ನಲವತ್ತು ಹುಡುಗೀರಿಗೆ ಹೇಳಿರ್ತಾರೆ.

ಹಾಗಾದ್ರೆ ಒಳ್ಳೆ ಕೋಚ್ ಯಾರು ಅಂತ ಗೊತ್ತಾಗೋದು ಹೇಗೆ? ನನ್ನ ಅನುಭವದಲ್ಲಿ ಒಂದೇ ಪರೀಕ್ಷೆ, ಆಡದ ಹುಡುಗೀನ ಅವರು ಹೇಗೆ ನೋಡ್ಕೋತಾರೆ ಅಂತ ನೋಡಿ. ನನ್ನ ಮಗಳು ಎರಡನೇ ಕೀಪರ್. ಕೀಪರ್ ಅಂದ್ರೆ ನಿಮಗೇ ಗೊತ್ತು, ಒಳಗೆ ನಿಲ್ಲೋದು ಒಬ್ಬಳೇ. ಎರಡನೇ ವರ್ಷ ಅವಳು ಒಂದು ನಿಮಿಷಾನೂ ಆಡಲಿಲ್ಲ. ನವೆಂಬರಲ್ಲಿ ಲೀಗಿನ ನಾಕೌಟ್ ಮ್ಯಾಚು, ಬೇರೆ ಊರು, ಕೈ ಮರಗಟ್ಟೋ ಚಳಿ, ನಾವು ಕಂಬಳಿ ಹೊದ್ಕೊಂಡು ಕೂತಿದ್ವಿ. ಮ್ಯಾಚಿಗೆ ಮುಂಚೆ ಅಸಿಸ್ಟೆಂಟ್ ಕೋಚ್ ಹುಡುಗಿ, ಅವಳಿಗೂ ಇಪ್ಪತ್ತಾರೋ ಇಪ್ಪತ್ತೇಳೋ ಇರಬೇಕು, ಎದುರು ಟೀಮಿನಲ್ಲಿ ಯಾರು ಪೆನಾಲ್ಟಿ ಯಾವ ಕಡೆಗೆ ಹೊಡೀತಾರೆ ಅಂತ ಹಳೇ ವಿಡಿಯೋ ಎಲ್ಲಾ ನೋಡಿ ಕೈಯಲ್ಲೇ ಬರೆದ ಒಂದು ಚೀಟಿನ ಪ್ಲಾಸ್ಟಿಕ್ ಕವರಲ್ಲಿ ಹಾಕಿ ಮೊದಲನೇ ಕೀಪರ್‌ಗೆ ಕೊಟ್ಲು, ಆಮೇಲೆ ಅದೇ ಥರ ಇನ್ನೊಂದು ಚೀಟಿ ನನ್ನ ಮಗಳಿಗೂ ಕೊಟ್ಲು. ಬರೀ ಜೆರಾಕ್ಸ್ ಅಲ್ಲ, ನನ್ನ ಮಗಳು ಎಡಗಡೆ ಹಾರೋದು ಸ್ವಲ್ಪ ನಿಧಾನ, ಅದಕ್ಕೆ ತಕ್ಕ ಹಾಗೆ ಎಲ್ಲಿ ನಿಲ್ಲಬೇಕು ಅಂತ ಬೇರೆ ಬರೆದಿದ್ಲು. ಆವತ್ತೂ ಅವಳು ಆಡಲಿಲ್ಲ. ಆ ಚೀಟಿ ಇವತ್ತಿಗೂ ಅವಳ ಟೇಬಲ್ ಡ್ರಾಯರಲ್ಲಿದೆ ಅಮ್ಮಾ.

ಹಾಗಾಗಿ ಮೊಮ್ಮಗಳು ಕಾಲೇಜು ನೋಡೋಕೆ ಹೋದಾಗ ಕ್ಯಾಪ್ಟನ್ ಹತ್ರ ಮಾತ್ರ ಮಾತಾಡಿ ಬರಬಾರದು, ಮೂರನೇ ವರ್ಷದಲ್ಲಿದ್ದೂ ಬೆಂಚಲ್ಲೇ ಕೂರೋ ಒಬ್ಬ ಹುಡುಗೀನ ಹುಡುಕಿ ಕೇಳಲಿ, ಕೋಚ್ ನಿನ್ನ ಹತ್ರ ಕೊನೇ ಸಲ ಯಾವಾಗ ಕೂತು ಮಾತಾಡಿದ್ರು ಅಂತ. ಲ್ಯಾಬ್ ಮತ್ತು ಪ್ರಾಕ್ಟೀಸ್ ಒಂದೇ ಟೈಮಿಗೆ ಬಂದ್ರೆ ಏನ್ ಮಾಡ್ತೀರಾ ಅಂತಾನೂ ಕೇಳಲಿ. ಮೂರನೇ ಡಿವಿಷನ್‌ನಲ್ಲಿ ಓದೇ ಮೊದಲು ಅಂತ ಎಲ್ಲರೂ ಬಾಯಲ್ಲಿ ಹೇಳ್ತಾರೆ, ನಿಜವಾಗ್ಲೂ ಹಾಗಿರೋ ಕಡೆ ಹುಡುಗೀರು ಲ್ಯಾಬ್ ಕೋಟು ಬ್ಯಾಗಿಗೆ ತುರುಕ್ಕೊಂಡು ಪ್ರಾಕ್ಟೀಸಿಗೆ ಅರ್ಧ ಗಂಟೆ ಲೇಟಾಗಿ ಓಡಿ ಬರ್ತಾರೆ, ಕೋಚ್ ಏನೂ ಅನ್ನಲ್ಲ.

ಮಂಡಿ ವಿಷಯಾನೂ ಮರೀಬೇಡಿ. ಎಸಿಎಲ್ ಅಂತ ಮಂಡಿ ಒಳಗಿನ ಲಿಗಮೆಂಟು ಹರಿಯೋದು ಹುಡುಗರಿಗಿಂತ ಹುಡುಗೀರಲ್ಲಿ ಎರಡು ಮೂರು ಪಟ್ಟು ಜಾಸ್ತಿ, ಆಪರೇಷನ್ ಆದ್ರೆ ಮತ್ತೆ ಆಟಕ್ಕೆ ಬರೋಕೆ ಒಂಬತ್ತು ತಿಂಗಳು ಅಥವಾ ಇನ್ನೂ ಹೆಚ್ಚು. ಫಿಫಾದವರು ಮಾಡಿರೋ ‘11+’ ಅನ್ನೋ ಇಪ್ಪತ್ತು ನಿಮಿಷದ ವಾರ್ಮಪ್ ಇದೆ, ಒಂಟಿ ಕಾಲಲ್ಲಿ ನಿಲ್ಲೋದು, ಹಾರಿ ಮೆತ್ತಗೆ ಇಳಿಯೋದು, ತೊಡೆ ಹಿಂದಿನ ಸ್ನಾಯುಗೆ ವ್ಯಾಯಾಮ, ತಪ್ಪದೇ ಮಾಡಿದ್ರೆ ಇಂಥ ಪೆಟ್ಟು ಕಮ್ಮಿ ಆಗತ್ತೆ ಅಂತ ಅಧ್ಯಯನಗಳಲ್ಲಿ ಗೊತ್ತಾಗಿದೆ. ನೀವು ವಾರ್ಮಪ್ ಏನ್ ಮಾಡಿಸ್ತೀರಾ ಅಂತ ಕೇಳಿದ್ರೆ ಒಳ್ಳೆ ಕೋಚ್ ಖುಷಿಯಿಂದ ಹತ್ತು ನಿಮಿಷ ಮಾತಾಡ್ತಾರೆ.

ಪ್ರಶ್ನೆ: ಅಕ್ಕಾ, ಹೆಣ್ಮಕ್ಕಳ ಟೀಮಿಗೂ ಅಲ್ಲಿ ಗಂಡಸರೇ ಜಾಸ್ತಿ ಕೋಚ್ ಆಗಿರ್ತಾರಾ? ಅಮೆರಿಕದಲ್ಲೂ ಹೀಗೇನಾ?
ಶಿವಮೊಗ್ಗದ ಓದುಗಿ

ಉತ್ತರ: ಹೂಂ ತಂಗೀ, ಅಲ್ಲೂ ಹಾಗೇ, ಅದರ ಕಥೆ ಕೇಳಿದ್ರೆ ಹೊಟ್ಟೆ ಉರಿಯತ್ತೆ. 1972ರಲ್ಲಿ ಟೈಟಲ್ ನೈನ್ ಅನ್ನೋ ಕಾನೂನು ಬಂತು, ಸರ್ಕಾರದ ದುಡ್ಡು ತಗೊಳ್ಳೋ ವಿದ್ಯಾಸಂಸ್ಥೆಗಳು ಹೆಣ್ಣು ಗಂಡು ಅಂತ ಭೇದ ಮಾಡಬಾರದು ಅಂತ, ಅದರಿಂದಾನೇ ಕಾಲೇಜುಗಳಲ್ಲಿ ಹೆಣ್ಮಕ್ಕಳ ಟೀಮುಗಳು ಸಾಲುಸಾಲಾಗಿ ಹುಟ್ಟಿದ್ದು. ಆಗ ಹೆಣ್ಮಕ್ಕಳ ಟೀಮುಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಕಡೆ ಕೋಚ್ ಹೆಂಗಸರೇ, ಎಷ್ಟೋ ಜನ ಹೆಚ್ಚುಕಮ್ಮಿ ಬಿಟ್ಟಿ ದುಡೀತಿದ್ರು. ಟೀಮಿಗೆ ದುಡ್ಡು ಬಂತು, ಸರಿಯಾದ ಸಂಬಳ ಬಂತು, ಗಂಡಸರೂ ಅರ್ಜಿ ಹಾಕೋಕೆ ಶುರು ಮಾಡಿದ್ರು, ಗಂಡು ಹೆಣ್ಣು ಎರಡೂ ಕ್ರೀಡಾ ವಿಭಾಗ ಸೇರಿಸಿ ಒಂದು ಮಾಡಿದಾಗ ಅದರ ಮೇಲೆ ಕೂತವರೂ ಬಹುತೇಕ ಗಂಡಸರೇ. 2014ರ ಹೊತ್ತಿಗೆ ಆ ತೊಂಬತ್ತು ಇಳಿದು ಸುಮಾರು 43ಕ್ಕೆ ಬಂದಿತ್ತು.

ಹಾಗಂತ ಗಂಡಸು ಕೋಚ್ ಆದ್ರೆ ಕೆಟ್ಟದು ಅಂತ ನಾನು ಹೇಳಲ್ಲ. ಪೆನ್ಸಿಲ್ವೇನಿಯಾದ ಮೆಸಾಯ ಕಾಲೇಜು, ಈಗ ಯೂನಿವರ್ಸಿಟಿ, ಅಲ್ಲಿನ ಹೆಣ್ಮಕ್ಕಳ ಟೀಮನ್ನ ಸ್ಕಾಟ್ ಫ್ರೇ ಬೆಳೆಸಿದ ರೀತಿ ಎಲ್ಲರೂ ಮೆಚ್ಚುವಂಥದ್ದು, 2005ರಿಂದ 2019ರ ಒಳಗೆ ಆರು ರಾಷ್ಟ್ರೀಯ ಪ್ರಶಸ್ತಿ. ಅದೇ ಮ್ಯಾಸಚೂಸೆಟ್ಸ್‌ನ ವಿಲಿಯಮ್ಸ್ ಕಾಲೇಜಲ್ಲಿ ಮಿಶೆಲಿನ್ ಪಿನಾರ್ಡ್ ಅನ್ನೋ ಹೆಣ್ಣುಮಗಳು 2015, 2017, 2018 ಮೂರು ಸಲ ಗೆಲ್ಲಿಸಿದ್ರು. ಇನ್ನೊಂದು ನನಗೆ ತುಂಬಾ ಇಷ್ಟವಾದ ಸಂಗತಿ ಇದೆ. ಶಿಕಾಗೋ ಯೂನಿವರ್ಸಿಟೀಲಿ ಹೆಣ್ಮಕ್ಕಳ ಟೀಮಿಗೆ ಸಹಾಯಕ ಕೋಚ್ ಆಗಿದ್ದ ಜೂಲಿಯಾನ್ ಸಿಚ್‌ಗೆ 2022ರಲ್ಲಿ ಗಂಡುಹುಡುಗರ ಟೀಮನ್ನೇ ಒಪ್ಪಿಸಿದ್ರು, ಮೊದಲನೇ ವರ್ಷಾನೇ ಒಂದು ಮ್ಯಾಚೂ ಸೋಲದೆ ಮೂರನೇ ಡಿವಿಷನ್ ಚಾಂಪಿಯನ್. ಎನ್‌ಸಿಎಎ ಗಂಡಸರ ಸಾಕರಲ್ಲಿ ಒಬ್ಬ ಹೆಂಗಸು ಹೆಡ್ ಕೋಚ್ ಆಗಿ ಪ್ರಶಸ್ತಿ ತಂದಿದ್ದು ಅದೇ ಮೊದಲು. ಹೆಂಗಸರು ಗಂಡಸರ ಟೀಮಿಗೆ ಕೋಚ್ ಆಗೋಕೂ ಸೈ ಅನ್ನೋದು ಅಲ್ಲೇ ಗೊತ್ತಾಯ್ತಲ್ಲ, ಹಾಗಿದ್ಮೇಲೆ ಹೆಣ್ಮಕ್ಕಳ ಟೀಮಿಗೆ ಹೆಂಗಸರು ಸಿಗಲ್ಲ ಅನ್ನೋ ಮಾತು ನಾನು ಒಪ್ಪಲ್ಲ. ಹೆಡ್ ಕೋಚ್ ಗಂಡಸಾಗಿದ್ರೆ ಸ್ಟಾಫಲ್ಲಿ ಒಬ್ಬಳಾದ್ರೂ ಹೆಣ್ಣುಮಗಳು ಇರಲೇಬೇಕು, ಮುಟ್ಟಿನ ನೋವು, ಊಟ ಸೇರದೇ ಇರೋದು, ಮನೆ ನೆನಪಾಗಿ ಅಳು ಬರೋದು, ಇದೆಲ್ಲ ಹದಿನೆಂಟರ ಹುಡುಗಿ ಯಾರ ಹತ್ರ ಹೇಳ್ಕೋತಾಳೆ?

ಪ್ರಶ್ನೆ: ಮೇಡಂ, ನಾನು ಎಂಪಿಎಡ್ ಮುಗಿಸ್ತಿದೀನಿ, ಯೂನಿವರ್ಸಿಟಿ ಟೀಮಲ್ಲಿ ಫುಟ್‌ಬಾಲ್ ಆಡಿದೀನಿ. ಅಂಥ ಕಾಲೇಜಲ್ಲಿ ಅಸಿಸ್ಟೆಂಟ್ ಕೋಚ್ ಆಗೋಕೆ ದಾರಿ ಇದೆಯಾ?
ಬೆಂಗಳೂರಿನ ಓದುಗಿ

ಉತ್ತರ: ಇದೆಯಮ್ಮಾ, ಗ್ರಾಜುಯೇಟ್ ಅಸಿಸ್ಟೆಂಟ್ ಅಂತಾರೆ. ನೀನು ಅಲ್ಲಿ ಇನ್ನೊಂದು ಮಾಸ್ಟರ್ಸ್ ಓದಬೇಕು, ಟೀಮಿಗೆ ಕೆಲಸ ಮಾಡಬೇಕು, ಬದಲಿಗೆ ಫೀಸ್ ಪೂರ್ತಿ ಅಥವಾ ಅರ್ಧ ಬಿಡ್ತಾರೆ, ಕೈಖರ್ಚಿಗೆ ಸ್ವಲ್ಪ ಕೊಡ್ತಾರೆ. ಸ್ಟೂಡೆಂಟ್ ವೀಸಾದಲ್ಲಿ ಕ್ಲಾಸು ನಡೆಯೋ ದಿನಗಳಲ್ಲಿ ಕ್ಯಾಂಪಸ್ ಒಳಗೆ ವಾರಕ್ಕೆ ಇಪ್ಪತ್ತು ಗಂಟೆ ಮಾತ್ರ ಕೆಲಸ ಮಾಡಬಹುದು, ಅದನ್ನ ಮೀರಬೇಡ, ಕೋಚ್ ಕೇಳಿದ್ರೂ ಮೀರಬೇಡ, ವೀಸಾ ನಿಂದು.

ಕೆಲಸ ಏನು ಅಂದ್ರೆ ನಮ್ಮ ಕಾಲೇಜುಗಳಲ್ಲಿ ಪಿಡಿ ಸರ್ ಒಬ್ಬರೇ ಎಲ್ಲಾ ಮಾಡ್ತಾರಲ್ಲ, ಹಾಗೇ. ಕೋನ್ ಇಡೋದು, ಬಿಬ್ ಒಗೆಸೋದು, ಬಸ್ಸು ಊಟ ಬುಕ್ ಮಾಡೋದು, ಟ್ರೈಪಾಡ್ ಮೇಲೆ ಕ್ಯಾಮೆರಾ ನಿಲ್ಸೋದು, ರಾತ್ರಿ ಕೂತು ವಿಡಿಯೋ ಕತ್ತರಿಸೋದು. ನಮ್ಮ ದೇಶದ ಫುಟ್‌ಬಾಲ್ ಫೆಡರೇಷನ್ ಎಐಎಫ್ಎಫ್ ಕೊಡೋ ಡಿ ಕೋಚಿಂಗ್ ಲೈಸೆನ್ಸ್ ಇಲ್ಲೇ ಮುಗಿಸಿ ಹೋಗು, ಸಾಧ್ಯವಾದ್ರೆ ಏಷ್ಯಾದ ಫುಟ್‌ಬಾಲ್ ಸಂಸ್ಥೆ ಎಎಫ್‌ಸಿಯ ಸಿ ಲೈಸೆನ್ಸ್ ಕೂಡ ಮಾಡ್ಕೋ, ಮತ್ತೆ ನೀನು ಕೋಚಿಂಗ್ ಮಾಡ್ತಿರೋ ಹತ್ತು ನಿಮಿಷದ ವಿಡಿಯೋ ಒಂದು ಇರಲಿ, ನೀನು ಆಡ್ತಿರೋದಲ್ಲ, ಹುಡುಗೀರಿಗೆ ಹೇಳಿಕೊಡ್ತಿರೋದು. ಇಂಗ್ಲಿಷ್ ಸ್ಟೈಲಾಗಿ ಇರಬೇಕಿಲ್ಲ, ನೀನು ಹೇಳಿದ್ದು ಆ ಹುಡುಗಿಗೆ ಅರ್ಥ ಆಗಿ ಅವಳು ಮತ್ತೆ ಮಾಡಿ ತೋರ್ಸೋದು ಕಾಣಬೇಕು.

ಸೆಪ್ಟೆಂಬರ್ ಅಕ್ಟೋಬರಲ್ಲಿ ಮೇಲ್ ಹಾಕಬೇಡ, ವಾರಕ್ಕೆ ಎರಡು ಮ್ಯಾಚ್ ಇರತ್ತೆ, ಯಾರೂ ಓದಲ್ಲ. ಡಿಸೆಂಬರ್ ಮೊದಲ ವಾರ ಫೈನಲ್ ಮುಗಿಯತ್ತೆ, ಆಮೇಲೆ ಹಾಕು. ಆಗಸ್ಟಿಗೆ ಸೇರೋ ಜಾಗಗಳು ವಸಂತದಲ್ಲಿ ತೆರ್ಕೋತವೆ, ಅಷ್ಟೊತ್ತಿಗೆ ನಿನ್ನ ಹೆಸರು ಅವರಿಗೆ ನೆನಪಿರಬೇಕು.