ಪತಂಗದ ಕಣ್ಣಿಗೆ ಬಣ್ಣ ಬೇರೆ, ಪ್ರಖರತೆ ಬೇರೆ

ಪ್ರಶ್ನೆ: ರಾತ್ರಿ ಬಿಳಿ ಎಲ್‌ಇಡಿ ದೀಪಕ್ಕೆ ಮುತ್ತುವ ಪತಂಗಗಳು ಹಳದಿ ದೀಪದ ಬಳಿ ಅಷ್ಟಾಗಿ ಸುಳಿಯುವುದಿಲ್ಲ. ಅವುಗಳಿಗೆ ಬಣ್ಣ ತಿಳಿಯುತ್ತದೆಯೇ? ಬಿಳಿ ದೀಪವನ್ನೇ ಮಂದಗೊಳಿಸಿದರೆ ಸಾಲದೇ?

ಉತ್ತರ: ಬಣ್ಣ ತಿಳಿಯುತ್ತದೆ, ಅದೂ ನಮಗೆ ತಿಳಿಯದಷ್ಟು ಕತ್ತಲಲ್ಲಿ. ನಕ್ಷತ್ರಗಳ ಬೆಳಕಿನಲ್ಲಿ ಮನುಷ್ಯರಿಗೆ ಎಲ್ಲವೂ ಬೂದುಬಣ್ಣವಾಗಿ ಕಂಡರೆ, ಗಿಡುಗ ಪತಂಗ (ಹಾಕ್‌ಮಾತ್) ಗುಂಪಿನ ನಿಶಾಚರ ಪತಂಗವೊಂದು ಅಷ್ಟೇ ಬೆಳಕಿನಲ್ಲಿ ನೀಲಿ ಮತ್ತು ಹಳದಿಯನ್ನು ಬೂದು ಛಾಯೆಗಳಿಂದ ಬೇರ್ಪಡಿಸಿ ಗುರುತಿಸಬಲ್ಲದೆಂದು 2002ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತು. ಈ ಪತಂಗದ ಕಣ್ಣಿನಲ್ಲಿ ಮೂರು ಬಗೆಯ ಬೆಳಕುಗ್ರಾಹಿ ಕೋಶಗಳಿದ್ದು, ಅವು ಸುಮಾರು 350 ನ್ಯಾನೋಮೀಟರ್ ತರಂಗಾಂತರದ, ನಮಗೆ ಕಾಣದ ಅತಿನೇರಳೆ, 440ರ ನೀಲಿ ಹಾಗೂ 525ರ ಹಸಿರು ಬೆಳಕಿಗೆ ಅತ್ಯಂತ ಚುರುಕಾಗಿ ಸ್ಪಂದಿಸುತ್ತವೆ. ಬಿಳಿ ಎಲ್‌ಇಡಿ ಅತಿನೇರಳೆಯನ್ನು ಬಹುತೇಕ ಸೂಸದಿದ್ದರೂ 450ರ ಆಸುಪಾಸಿನಲ್ಲಿ ನೀಲಿಯನ್ನು ಧಾರಾಳವಾಗಿ ಸೂಸುತ್ತದೆ. ಹಳದಿ ದೀಪದಲ್ಲಿ ಆ ನೀಲಿ ತೀರಾ ಕಡಿಮೆ. ಹಾಗೆಂದು ಹಳದಿ ಬೆಳಕು ಪತಂಗಕ್ಕೆ ಕಾಣಿಸುವುದೇ ಇಲ್ಲವೆಂದಲ್ಲ. ಹಸಿರುಗ್ರಾಹಿ ಕೋಶಗಳು ಅದಕ್ಕೂ ಸ್ವಲ್ಪಮಟ್ಟಿಗೆ ಸ್ಪಂದಿಸುತ್ತವೆ. ಗಾಢ ಕೆಂಪು ಮಾತ್ರ ಹಲವು ಪತಂಗಗಳಿಗೆ ಕತ್ತಲಿಗೆ ಸಮ. ಇವುಗಳನ್ನು ರಾತ್ರಿ ಗಮನಿಸುವವರು ಕೆಂಪು ಟಾರ್ಚ್ ಹಿಡಿಯುವುದು ಇದೇ ಕಾರಣಕ್ಕೆ.

ಮಂದಗೊಳಿಸುವುದು ಬೇರೆಯೇ ವಿಚಾರ. ನಿಶಾಚರ ಪತಂಗದ ಸಂಯುಕ್ತ ಕಣ್ಣಿನಲ್ಲಿ, ಅಂದರೆ ಹಲವು ಪುಟ್ಟ ಮಸೂರಗಳು ಕೂಡಿದ ಕಣ್ಣಿನಲ್ಲಿ, ಮಸೂರಗಳಿಗೂ ಗ್ರಾಹಿ ಕೋಶಗಳಿಗೂ ನಡುವೆ ಪಾರದರ್ಶಕ ವಲಯವೊಂದಿದ್ದು, ನೂರಾರು ಮಸೂರಗಳು ಹಿಡಿದ ಬೆಳಕು ಅದರ ಮೂಲಕ ಹಾದು ಒಂದೇ ಬಿಂದುವಿನಲ್ಲಿ ಕೂಡುತ್ತದೆ. ಬೆಳಕು ಹೆಚ್ಚಾದಾಗ ಗಾಢ ವರ್ಣಕದ ಕಣಗಳು ಈ ವಲಯಕ್ಕೆ ಇಳಿದು ಪರದೆಯಂತೆ ಅಡ್ಡ ನಿಲ್ಲುತ್ತವೆ. ಕತ್ತಲಾದಾಗ ಮತ್ತೆ ಮೇಲಕ್ಕೆ ಸರಿಯುತ್ತವೆ. ನಮ್ಮ ಪಾಪೆ ಕ್ಷಣಾರ್ಧದಲ್ಲಿ ಕಿರಿದಾದರೆ, ಈ ಕಣಗಳ ಚಲನೆಗೆ ಹಲವು ನಿಮಿಷಗಳೇ ಬೇಕು. ಆದ್ದರಿಂದ ಕತ್ತಲಿಗೆ ಹೊಂದಿಕೊಂಡು ಹಾರಿಬರುವ ಪತಂಗಕ್ಕೆ ನಾವು ಮಂದವೆನ್ನುವ ದೀಪವೂ ಪ್ರಖರವೇ. ಮಂದಗೊಳಿಸಿದರೆ ದೀಪ ಕಾಣುವ ದೂರ ಕುಗ್ಗುತ್ತದೆ, ಅದೇನೂ ಸಣ್ಣ ಲಾಭವಲ್ಲ; ಆದರೆ ನೀಲಿಯ ಪಾಲು ಇದ್ದಷ್ಟೇ ಇರುತ್ತದೆ.

ಅಂದಹಾಗೆ, ‘ಆಕರ್ಷಣೆ’ ಎಂಬ ಪದವೇ ಇಲ್ಲಿ ಅಷ್ಟು ಸರಿಯಲ್ಲ. ವೇಗದ ಕ್ಯಾಮೆರಾಗಳಿಂದ ಚಿತ್ರೀಕರಿಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹಾರುವ ಕೀಟಗಳು ಬೆಳಕಿರುವ ದಿಕ್ಕನ್ನೇ ಆಕಾಶವೆಂದು ಬಗೆದು ಅದಕ್ಕೆ ಬೆನ್ನು ತಿರುಗಿಸುತ್ತವೆ, ಹೀಗಾಗಿ ದೀಪದ ಬಳಿ ದಾರಿ ತಪ್ಪಿ ಸುತ್ತತೊಡಗುತ್ತವೆ. ಕುತೂಹಲದ ಸಂಗತಿಯೆಂದರೆ, ಅದೇ ಅಧ್ಯಯನದಲ್ಲಿ ಕಣಗಿಲೆ ಗಿಡುಗ ಪತಂಗ ಹಾಗೆ ಬೆನ್ನು ತಿರುಗಿಸದೆ ದೀಪವನ್ನು ದಾಟಿ ನೇರವಾಗಿ ಹಾರಿಹೋಯಿತು.